ನಾನು ನಿಲ್ಲಿಸಿದ ಫ್ರೀಜರ್

ಮೈಥಿಲಿ, ಲ್ಯಾಬಿನಲ್ಲಿ ನೀನು ಬೆಳೆಸುತ್ತಿದ್ದ ಜೀವಕೋಶಗಳು ಸತ್ತದ್ದು ನಿನ್ನ ಕೈಯಿಂದಲ್ಲ — ನನ್ನಿಂದ. ಆರು ವರ್ಷದಿಂದ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ.

ನನ್ನ ತಂದೆ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನವರು. ಆಯುಧಪೂಜೆಗೆ ಅಲ್ಲಿ ಯಂತ್ರಗಳನ್ನೆಲ್ಲ ನಿಲ್ಲಿಸಿ, ಒರೆಸಿ, ಗಂಧ ಕುಂಕುಮ ಹಚ್ಚುತ್ತಿದ್ದರು. ವರ್ಷಕ್ಕೊಮ್ಮೆಯಾದರೂ ಅವು ದಣಿವಾರಿಸಿಕೊಳ್ಳಲಿ ಎನ್ನುತ್ತಿದ್ದರು ಅಪ್ಪ. ನಾನು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆದ ಮೇಲೂ ಆ ಪಾಠ ಬಿಡಲಿಲ್ಲ. ಆ ವರ್ಷ ಮೂಲೆಯ ಚಿಕ್ಕ ಫ್ರೀಜರನ್ನೂ ನಿಲ್ಲಿಸಿ ಒರೆಸಿದೆ, ಕುಂಕುಮವಿಟ್ಟೆ, ಹೂ ಮುಡಿಸಿದೆ — ಮತ್ತೆ ಸ್ವಿಚ್ ಹಾಕುವುದನ್ನು ಮರೆತು, ಪ್ರಸಾದದ ಕಡಲೆ ಸುಂಡಲ್ ತಿಂದು ಮನೆಗೆ ಹೋದೆ. ಎರಡು ದಿನ ರಜೆ.

ಅದರೊಳಗಿದ್ದದ್ದು ನಿನ್ನ ಡಬ್ಬಿ ಒಂದೇ. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಕೂರಿಸಿ ತಯಾರಿಸಿದ ಬೆಳವಣಿಗೆಯ ಪ್ರೋಟೀನ್. ನೀನು ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ, ಹೆಸರು ಬರೆದಿಟ್ಟದ್ದು. ಅದಿಲ್ಲದೆ ನಿನ್ನ ಕೋಶಗಳು ಬದುಕುವಂತಿರಲಿಲ್ಲ. ರಜೆ ಮುಗಿಸಿ ನಾನು ಬಂದಾಗ ಫ್ರೀಜರಿನ ಕೆಳಗೆ ನೀರು ನಿಂತಿತ್ತು, ಟ್ಯೂಬುಗಳು ಬೆಚ್ಚಗಿದ್ದವು; ಒಳಗಿನ ಪ್ರೋಟೀನ್ ಕೆಟ್ಟಿತ್ತು. ನೀರು ಒರೆಸಿದೆ, ಸ್ವಿಚ್ ಹಾಕಿದೆ, ತಾಪಮಾನದ ಪುಸ್ತಕದಲ್ಲಿ ಎರಡು ದಿನಕ್ಕೂ ಮೈನಸ್ ಇಪ್ಪತ್ತು ಎಂದು ಬರೆದೆ. ಸಂಜೆಯೊಳಗೆ ಎಲ್ಲವೂ ಹೆಪ್ಪುಗಟ್ಟಿ ಮೊದಲಿನಂತೆಯೇ ಕಾಣುತ್ತಿತ್ತು — ನೋಡಿ ನನಗೇ ಭಯವಾಯಿತು.

ಆಮೇಲೆ ಪ್ರತಿ ಸೋಮವಾರ ನಾನೇ ಒಂದು ಟ್ಯೂಬ್ ತೆಗೆದು ನಿನ್ನ ಕೈಗಿಟ್ಟೆ. ಗುರುವಾರದ ಹೊತ್ತಿಗೆ ಕೋಶಗಳು ತಟ್ಟೆಯ ತಳ ಬಿಟ್ಟು ತೇಲುತ್ತಿದ್ದವು. ನೀನು ಗ್ಲೌಸ್ ಬದಲಿಸಿದೆ, ನೀರು ಬದಲಿಸಿದೆ, ಉಗುರುಗಳನ್ನು ಬುಡದವರೆಗೆ ಕತ್ತರಿಸಿಕೊಂಡೆ. ಮುಂದಿನ ವಾರ ಏನಾಗುವುದೆಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆದರೂ...

ಕೊನೆಗೆ ನಿನ್ನ ಗೈಡ್ ನನ್ನನ್ನು ಕರೆದು, ಫ್ರೀಜರ್ ಎಂದಾದರೂ ನಿಂತಿತ್ತೇ ಎಂದು ಕೇಳಿದರು. ನೀನು ಪಕ್ಕದಲ್ಲೇ ಇದ್ದೆ.

“ಇಲ್ಲೆ ಸಾರ್. ಸರಿಯಾ ಓಡುದು,” ಎಂದೆ ತಮಿಳಿನಲ್ಲಿ — ಸರಿಯಾಗಿಯೇ ಓಡುತ್ತಿದೆ ಎಂದು.

“ಅಪ್ಪೋ ಇವ ಕೈದಾನ್ ಸರಿಯಿಲ್ಲೆ,” ಎಂದರು. ಹಾಗಾದರೆ ಇವಳ ಕೈಯೇ ಸರಿಯಿಲ್ಲ — ಅಲ್ಲಿಗೆ ತೀರ್ಪಾಯಿತು.

ನಿಜ ಹೇಳಿದ್ದರೆ ನನ್ನ ಕೆಲಸವೇನೂ ಹೋಗುತ್ತಿರಲಿಲ್ಲ. ನಾಲ್ಕು ಬೈಗುಳ ತಿನ್ನಬೇಕಿತ್ತು, ಅಷ್ಟೇ. ನೀನು ಪಿಎಚ್‌ಡಿ ಬಿಟ್ಟುಹೋದ ವಾರವೇ ನಾನು ಉಳಿದ ಟ್ಯೂಬುಗಳನ್ನು ಎಸೆದು ಹೊಸ ಪ್ರೋಟೀನ್ ತರಿಸಿದೆ. ನಿನ್ನ ಜಾಗಕ್ಕೆ ಬಂದವಳ ಕೋಶಗಳು ತಟ್ಟೆ ತುಂಬ ಬೆಳೆದವು. ಎಲ್ಲರೂ ಅವಳ ಕೈಗುಣ ಹೊಗಳಿದರು — ನಾನೂ.

ಹೋದ ವಾರ ಪುರಸೈವಾಕ್ಕಂನ ಪಾತ್ರೆ ಅಂಗಡಿಯ ಮುಂದೆ ನೀನೇ ನನ್ನನ್ನು ಗುರುತಿಸಿ ಕರೆದೆ. ಈಗ ಇನ್ಶೂರೆನ್ಸ್ ಆಫೀಸಿನಲ್ಲಿದ್ದೇನೆ ಎಂದೆ ನೀನು.

“ಸೌಖ್ಯಮಾ ಇದ್ದೀರಾ ಮಾಮಾ? ಆ ಲ್ಯಾಬಲ್ಲಿ ನೀವೊಬ್ರೇ ನನ್ನ ಹತ್ರ ಪ್ರೀತಿಯಾ ಮಾತಾಡ್ತಿದ್ರಿ. ನಾನು ಮರ್ತಿಲ್ಲ.”

ನಾನು ಬಸ್ ಬಂತೆಂದು ಸುಳ್ಳು ಹೇಳಿ ನಡೆದುಬಿಟ್ಟೆ.

ನಾಳೆ ಈ ಕಾಗದದ ಒಂದು ಪ್ರತಿಯನ್ನು ನಿನ್ನ ಗೈಡ್ ಕೈಗೆ ಕೊಡುತ್ತೇನೆ. ಅದರಿಂದ ನಿನ್ನ ವರ್ಷಗಳು ಮರಳುವುದಿಲ್ಲ, ಬಲ್ಲೆ. ಇದನ್ನು ಓದಿದ ಮೇಲೆ ಎಲ್ಲಾದರೂ ಎದುರಾದರೆ, ನನ್ನನ್ನು ಮಾಮಾ ಎನ್ನಬೇಡ.