ರೆಹಮತ್‌ಬಿ ಅಗಿದ ಅಕ್ಕಿ

ಪರದೇಶದಲ್ಲಿ ಸುಳ್ಳು ಹಿಡಿಯುವ ಯಂತ್ರವೊಂದು ಇದೆಯಂತೆ. ತೋಳಿಗೆ, ಎದೆಗೆ ಪಟ್ಟಿ ಕಟ್ಟಿ ಪ್ರಶ್ನೆ ಕೇಳಿದರೆ, ಮುಳ್ಳು ತಾನೇ ಕಾಗದದ ಮೇಲೆ ಗೀರು ಎಳೆದು ಯಾರು ಸಾಚಾ, ಯಾರು ಸುಳ್ಳ ಎಂದು ತೋರಿಸುತ್ತದಂತೆ. ಸಪ್ತಾಪುರದಲ್ಲಿರುವ ನನ್ನ ಗೆಳೆಯ, ಕಾಲೇಜಿನ ಮಾಸ್ತರ, ಇದನ್ನು ಎಲ್ಲೋ ಓದಿ ಬಂದು, “ಇನ್ನ ಕಳ್ಳರ ಆಟ ನಡಿಯೂದಿಲ್ಲ ಬಿಡು” ಎಂದು ಹಿಗ್ಗಿದ. ನನಗೆ ಹಿಗ್ಗು ಬರಲಿಲ್ಲ, ಸಿಟ್ಟು ಬಂತು. ಅಂಥದ್ದೊಂದು ನಮ್ಮ ಹುಬ್ಬಳ್ಳಿಯಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದಲೂ ಇತ್ತು. ಅದಕ್ಕೆ ಮುಳ್ಳೂ ಇರಲಿಲ್ಲ, ಪಟ್ಟಿಯೂ ಇರಲಿಲ್ಲ, ಒಂದು ಹಿಡಿ ಅಕ್ಕಿ ಸಾಕಾಗುತ್ತಿತ್ತು. ಅದು ಬೆಂಗೇರಿಯಲ್ಲಿ ನಮ್ಮ ಓಣಿಯ ರೆಹಮತ್‌ಬಿಯನ್ನು ಏನು ಮಾಡಿತೆಂದು ನನಗೆ ಗೊತ್ತು.

ರೆಹಮತ್‌ಬಿಯ ಗಂಡ ಟಾಂಗಾ ಹೊಡೆಯುತ್ತಿದ್ದ. ಮಗಳು ಅಬೀದಾ ಇನ್ನೂ ಹಾಲು ಕುಡಿಯುತ್ತಿದ್ದಾಗಲೇ ತೀರಿಕೊಂಡ. ಆಕೆ ಮೆಣಸಿನಕಾಯಿ ವಖಾರಿಯಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸಿ ಮಗಳನ್ನು ಬೆಳೆಸಿದಳು. ಹಗಲೆಲ್ಲ ಆ ಘಾಟಿನಲ್ಲಿ ಕೂತು ಅವಳ ನಾಲಿಗೆಯೂ ಖಾರವಾಗಿದೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ತಳದಲ್ಲಿ ಹಸಿಕಾಯಿ ತುಂಬಿ ಮೇಲೆ ಒಣಕಾಯಿ ಹರಡಿದ ಚೀಲವನ್ನು ಕೊಳ್ಳಲು ಬಂದವನಿಗೆ, ಸಾವುಕಾರನ ಎದುರೇ, “ತಳಕ್ಕ ಕೈ ಹಾಕಿ ನೋಡ್ರಿ” ಎಂದವಳು ಅವಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರಲ್ಲ, ಸಾವುಕಾರ ಅಂದೇ ಒದೆಯಲಿಲ್ಲ, ಮನಸ್ಸಿನಲ್ಲಿಟ್ಟುಕೊಂಡ.

ಐವತ್ತೊಂಬತ್ತರ ಬೇಸಿಗೆಯಲ್ಲಿ ರಮಜಾನ್ ಬಂದಿತ್ತು, ರೋಜಾ ಎಂಬ ಉಪವಾಸದ ತಿಂಗಳು. ಹಬ್ಬ ಮುಗಿದ ಮೇಲೆ ಅಬೀದಾಳ ಮದುವೆ. ಗಂಡು ಗಬ್ಬೂರಿನ ರಸೂಲಸಾಬನ ಮಗ. ಅದೇ ದಿನಗಳಲ್ಲಿ ಸಾವುಕಾರನ ಹೆಂಡತಿ ಮನೆಯ ಖಾರಪುಡಿಗೆ ಒಳ್ಳೆಯ ಕಾಯಿ ಆರಿಸಲು ವಖಾರಿಗೆ ಬಂದಳು. ಮನೆಗೆ ಹೋಗಿ ನೋಡಿಕೊಂಡರೆ ಒಂದು ಕಿವಿ ಬೋಳು. ಬಂಗಾರದ ಬೆಂಡವಾಲಿ ಇಲ್ಲ. ರಾಶಿ ಕೆದರಿದರು, ಕಸ ಗುಡಿಸಿದರು, ಸಿಗಲಿಲ್ಲ. ಮರುದಿನ ಮಧ್ಯಾಹ್ನ ಸಾವುಕಾರ ಅಕ್ಕಿ ಮಂತ್ರಿಸುವ ಮೈಲಾರಪ್ಪನನ್ನು ಕರೆಸಿದ. ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳು ರೆಹಮತ್‌ಬಿಯ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿದ್ದ ಮಾಳವ್ವ.

ಹೆಂಗಸರನ್ನು ಸಾಲಾಗಿ ಕೂಡಿಸಿ ಎಲ್ಲರ ಮುಂದೆ ಒಂದೊಂದು ಎಲೆ ಹಾಕಿದರು. ಮೈಲಾರಪ್ಪ ಮಂತ್ರಿಸಿದ ಅಕ್ಕಿಯನ್ನು ಅಗಿದು ಆ ಎಲೆಯ ಮೇಲೆ ಉಗುಳಬೇಕು. ಕಳ್ಳರ ಬಾಯಿ ಒಣಗುತ್ತದೆ, ಅವರ ಅಕ್ಕಿ ಒಣಹಿಟ್ಟಾಗಿ ಬೀಳುತ್ತದೆ. ನಿರಪರಾಧಿಯದು ಎಂಜಲಿನಲ್ಲಿ ನೆನೆದು ಮುದ್ದೆಯಾಗಿ ಬರುತ್ತದೆ. ಇಷ್ಟೇ ಅದರ ಶಾಸ್ತ್ರ.

“ಯಪ್ಪಾ, ನಂದು ರೋಜಾ ಐತ್ರಿ,” ಎಂದಳು ರೆಹಮತ್‌ಬಿ. “ಹೊತ್ತು ಮುಣಗಲಿ, ಎಷ್ಟ್ ಬೇಕಾದಷ್ಟು ಅಗೀತೇನಿ.”

“ಹೊತ್ತು ಮುಣಗಿದ ಮ್ಯಾಲೆ ಮಂತ್ರ ನಿಲ್ಲೂದಿಲ್ಲಬೇ,” ಎಂದ ಮೈಲಾರಪ್ಪ.

ಸಾವುಕಾರ ನಕ್ಕ. ಸಾಲಿನಲ್ಲಿ ಗುಸುಗುಸು ಎದ್ದಿತು. ಮಾಳವ್ವ ಅವಳ ಕಿವಿಯಲ್ಲಿ, “ಅಗದು ಉಗುಳಿಬಿಡ ಯಕ್ಕಾ, ಇಲ್ಲಂದ್ರ ನೀನ ಅಂತಾರ,” ಎಂದಳು.

ರೆಹಮತ್‌ಬಿ ಅಕ್ಕಿ ಬಾಯಿಗೆ ಹಾಕಿಕೊಂಡಳು. ಬೆಳಗಿನ ಜಾವದಿಂದ ಒಂದು ಹನಿ ನೀರು ಇಳಿಯದ ಬಾಯಿ ಅದು. ಒಂದು ನುಚ್ಚು ಗಂಟಲಿಗೆ ಇಳಿದರೂ ರೋಜಾ ಮುರಿಯುತ್ತದೆಂದು ಕುತ್ತಿಗೆ ಬಿಗಿಹಿಡಿದು, ಮುಂದಿನ ಹಲ್ಲಿನಲ್ಲೇ ಅಗಿದು, ಲಗುಬಗೆಯಿಂದ ಉಗುಳಿದಳು. ಎಲೆಯ ಮೇಲೆ ಬಿದ್ದದ್ದು ಬಿಳೀ ಒಣಹಿಟ್ಟು. ಉಳಿದವರದೆಲ್ಲ ಮುದ್ದೆಯಾಗಿ ಬಂದಿತ್ತು. ದೇವರಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಹೋಗಿ ಹೆಂಗಸು ಕಳ್ಳಿಯಾದಳು.

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಅಬೀದಾ ಬಾಗಿಲಲ್ಲಿ ನಿಂತಿದ್ದಳು. ತಾಯಿಯ ಮುಖವನ್ನೊಮ್ಮೆ ನೋಡಿ, ರೋಜಾ ಬಿಡಲು ನೀರು ತುಂಬಿಡಲು ಒಳಗೆ ಹೋದಳು.

ಎರಡು ದಿನ ಬಿಟ್ಟು ರಸೂಲಸಾಬ ಬಂದ. ಕೆಟ್ಟವನಲ್ಲ. “ನೋಡ್ರಿ ಬೀಗತಿ, ತಪ್ಪು ಯಾರ ಕೈಯಾಗ ಆಗೂದಿಲ್ಲ? ಸಾವುಕಾರ್ರ ಮುಂದ ಒಪ್ಪಿಕೊಂಡು ಮಾಫಿ ಕೇಳ್ರಿ. ಅಲ್ಲಿಗೆ ಮುಗೀತು, ಮದಿವಿ ಮಾಡೂಣು. ಇಲ್ಲಂದ್ರ ನಮ್ಮ ಮಂದಿ ಬಾಯಿ ನಾ ಹೆಂಗ ಮುಚ್ಚಲಿ?”

ರೆಹಮತ್‌ಬಿ ಒಳಗಿನ ಬಾಗಿಲ ಕಡೆ ನೋಡಿದಳು. ಅಲ್ಲಿ ಅಬೀದಾ ತಲೆ ತಗ್ಗಿಸಿ ನಿಂತಿದ್ದಳು. “ಆತ್ರಿ,” ಎಂದಳು ರೆಹಮತ್‌ಬಿ.

ಹುಟ್ಟಿದಾಗಿನಿಂದ ಬಾಯಿಗೆ ಬಂದ ಖರೆಯನ್ನು ನುಂಗಿಕೊಳ್ಳಲಾಗದ ಹೆಂಗಸು ಸಾವುಕಾರನ ಪಡಸಾಲೆಯಲ್ಲಿ ನಿಂತು, “ನಾನ ತಗೊಂಡಿದ್ದೆ. ಹೆದರಿ ಬಾವ್ಯಾಗ ಒಗದೆ,” ಎಂದು ಹೇಳಿದಳು. ಮಾತು ತಡವರಿಸಲಿಲ್ಲ, ಬಾಯಿ ಒಣಗಲಿಲ್ಲ. ಅಂದು ಯಾರೂ ಅಕ್ಕಿ ತರಲಿಲ್ಲ. ಎಲ್ಲರೂ ಒಮ್ಮೆಲೇ ನಂಬಿದರು. ಸಾವುಕಾರ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ, ಕೆಲಸಕ್ಕೆ ಮಾತ್ರ ಬರಬೇಡವೆಂದ. ಮೈಲಾರಪ್ಪನ ಕೀರ್ತಿ ನಾಲ್ಕು ಊರಿಗೆ ಹಬ್ಬಿತು.

ಮದುವೆಯಾಯಿತು. ಮಳೆಗಾಲದಲ್ಲಿ ವಖಾರಿಯ ಹಳೆಯ ಚೀಲ ಸುರುವಿದಾಗ ತಳದಲ್ಲಿ ಬೆಂಡವಾಲಿ ಸಿಕ್ಕಿತು. ಸಾವುಕಾರನಿಗೆ ನಾಚಿಕೆಯೇ ಆಗಲಿಲ್ಲ. “ಬಾವ್ಯಾಗ ಒಗದೆ ಅಂದಿದ್ದೂ ಸುಳ್ಳ ನೋಡ. ಚೀಲದಾಗ ಮುಚ್ಚಿಟ್ಟಿದ್ಲು. ಅಕ್ಕಿ ತಪ್ಪೂದಿಲ್ಲ,” ಎಂದ. ಮಾಳವ್ವ ಓಡಿಬಂದು ಹೇಳಿದಾಗ ರೆಹಮತ್‌ಬಿ ಮಾಡಿದ್ದಿಷ್ಟೇ: ಗಬ್ಬೂರಿಗೆ ಈ ಮಾತು ಮುಟ್ಟಿಸಬೇಡವೆಂದು ಆಣೆ ಹಾಕಿಸಿಕೊಂಡಳು.

“ಕಳ್ಳಿ ಅಂತ ತಿಳಕೊಂಡೂ ಸೊಸಿ ಮಾಡಿಕೊಂಡಾರ. ಸುಳ್ಳಿ ಅಂತ ತಿಳದ್ರ ಇನ್ನೇನು ಮಾಡ್ತಾರೋ. ಅಬೀದಾ ಕೇಳಿದ್ರ ನಾನ ಹೇಳ್ತೇನಿ.”

ಅವಳು ಮಗಳ ಮನೆಗೆ ಹೋದಾಗಲೆಲ್ಲ ಅಬೀದಾ ಊಟಕ್ಕೆ ಬಡಿಸುತ್ತಿದ್ದಳು, ಕಾಲು ಒತ್ತುತ್ತಿದ್ದಳು. ನೀರು ತರಲು ಹೊರಗೆ ಹೋಗುವ ಮುನ್ನ ಮಾತ್ರ ಟ್ರಂಕಿಗೆ ಕೀಲಿ ಹಾಕಿ ಹೋಗುತ್ತಿದ್ದಳು. ಆ ಕೀಲಿಯ ಸಪ್ಪಳ ಕೇಳಬಾರದೆಂದು ರೆಹಮತ್‌ಬಿ ಆಮೇಲಾಮೇಲೆ ಹೊರಗಿನ ಕಟ್ಟೆಯ ಮೇಲೇ ಕೂಡುತ್ತಿದ್ದಳಂತೆ. ಇದನ್ನು ಅವಳು ಮಾಳವ್ವನಿಗೊಬ್ಬಳಿಗೇ ಹೇಳಿದ್ದು.

ಅರವತ್ತಾರರಲ್ಲಿ ರೆಹಮತ್‌ಬಿ ಹೋದಳು. ಗಂಡಸರು ಮಣ್ಣಿಗೆ ಹೋದ ಮೇಲೆ ಮಾಳವ್ವ ಅಬೀದಾಳ ಪಕ್ಕ ಕೂತು, ಆಣೆ ಹಾಕಿಸಿಕೊಂಡವಳೇ ಇನ್ನಿಲ್ಲವೆಂದು, ಬೆಂಡವಾಲಿ ಸಿಕ್ಕ ಕಥೆಯನ್ನೆಲ್ಲ ಹೇಳಿದಳು. ಆಗ ಅಬೀದಾ ಕೇಳಿದಳು:

“ಇಷ್ಟು ವರ್ಷ ನನ್ನ ಮುಂದ ಯಾಕ ಹೇಳಲಿಲ್ಲ ಅಕಿ?”

“ನೀ ಕೇಳ್ತಿ ಅಂತ ಕಾದಳವ್ವಾ,” ಎಂದಳು ಮಾಳವ್ವ. “ನೀ ಒಮ್ಮೆನೂ ಕೇಳಲಿಲ್ಲ.”