ಚಮಚದಕ್ಕ ವಾಪಸು ಕೊಟ್ಟ ಕುರ್ಚಿ

ಆಸ್ಪತ್ರೆಯ ಆಯಾಗಳಿಗೆ ಬಡ್ತಿ ಎಂಬುದೇ ಇರಲಿಲ್ಲ. ಆಯಾ ಆಗಿ ಸೇರಿದವಳು ಆಯಾ ಆಗಿಯೇ ಸೊಂಟ ಮುರಿದುಕೊಂಡು ಮನೆಗೆ ಹೋಗಬೇಕು. ಅದಕ್ಕಾಗಿ ನಾವು ಯೂನಿಯನ್ನಿನವರು ಗೇಟಿನ ಮುಂದೆ ಬಿಸಿಲಲ್ಲಿ ಕೂತೆವು, ಲಾಠಿ ತಿಂದೆವು, ಲಾಕಪ್ಪಿನ ಸೊಳ್ಳೆಗಳಿಗೂ ಊಟ ಹಾಕಿದೆವು. ಕೊನೆಗೆ ಆಡಳಿತದವರು ಬಗ್ಗಿದರು. ‘ವಾರ್ಡ್ ಮೇಲ್ವಿಚಾರಕಿ’ ಎಂಬ ಹೊಸ ಹುದ್ದೆ ಹುಟ್ಟಿತು. ಅದಕ್ಕೊಂದು ಮೇಜು, ಕುರ್ಚಿ, ಎದೆಗೆ ಸಿಕ್ಕಿಸುವ ಹೆಸರಿನ ಪಟ್ಟಿ. ಬಡ್ತಿ ಕೊಟ್ಟ ಮೇಲೂ ಹಳೇ ಕೆಲಸವನ್ನೇ ಮಾಡಿಸಿಕೊಳ್ಳುವ ಅವರ ಚಾಳಿ ಗೊತ್ತಿದ್ದ ನಾವು ಒಂದು ಷರತ್ತನ್ನೂ ಬರೆಸಿದೆವು: ಮೇಲ್ವಿಚಾರಕಿಯಾದವಳು ರೋಗಿಗಳನ್ನು ಮುಟ್ಟುವ ಕೆಲಸ ಮಾಡತಕ್ಕದ್ದಲ್ಲ.

ಮೊದಲ ಕುರ್ಚಿ ಸೇವೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ಚಮಚದಕ್ಕನಿಗೆ ಹೋಯಿತು. ವಾರ ತುಂಬುವುದರೊಳಗೆ ಅವಳು ಅದನ್ನು ವಾಪಸು ಕೊಡುತ್ತೇನೆ ಅಂದಳು.

ನನಗೆ ಮೈಯೆಲ್ಲ ಉರಿಯಿತು. ಆಡಳಿತಾಧಿಕಾರಿ ಹಲ್ಲು ಕಿರಿದು ಹೇಳಿದ್ದ: “ನಿಮ್ಮವರಿಗೇ ಬೇಡ ಅಂದ್ಮೇಲೆ ಹುದ್ದೆ ಯಾಕ್ರೀ? ರದ್ದು ಮಾಡ್ತೀವಿ.” ಇವಳೊಬ್ಬಳು ಎದ್ದರೆ ಹಿಂದಿರುವ ಅಷ್ಟೂ ಹೆಂಗಸರ ಏಣಿ ಬೀಳುತ್ತಿತ್ತು.

ಮೊದಲು ಅವಳ ಮನೆಗೆ ಹೋದೆ. ಒಂದೇ ಕೋಣೆ, ಕಿಟಕಿಗೆ ಒತ್ತಿಕೊಂಡು ಹೊಲಿಗೆ ಯಂತ್ರ, ನೆಲದ ತುಂಬ ಬಟ್ಟೆ ಚೂರು. ದರ್ಜಿ ಗಂಡ ನೀಲಿ ಕೋಟೊಂದಕ್ಕೆ ಗುಂಡಿ ಹಾಕುತ್ತಿದ್ದ.

“ನೋಡಣ್ಣ, ಸೂಪರ್‌ವೈಸರ್ ಕೋಟು. ಊರವರ ಬಟ್ಟೆ ಹೊಲಿದು ಕಣ್ಣು ಹೋಯ್ತು, ಹೆಂಡತಿಗೆ ಅಂತ ಹೊಲಿದದ್ದು ಇದೇ ಮೊದಲು. ಮಹಾರಾಯ್ತಿ ಅಳತೆ ಕೊಡೋಕೂ ನಿಲ್ತಿಲ್ಲ.”

“ಯಾಕಂತೆ?”

“ನಂಗೇನ್ ಗೊತ್ತು? ಕೇಳಿದ್ರೆ, ಕೋಟಿಗೆ ಕೈ ಉದ್ದ ಇಡು, ಹೆಂಗೂ ಮಾಡೋಕೆ ಕೆಲ್ಸ ಇಲ್ಲ ಅಂತಾಳೆ. ನೀನಾದ್ರೂ ಬುದ್ಧಿ ಹೇಳು. ಬೀಗರ ಮುಂದೆ ಆಗಲೇ ಹೇಳ್ಕೊಂಡು ಕೂತಿದೀನಿ, ಮಾನ ಹೋಗುತ್ತೆ.”

ಬುದ್ಧಿ ಹೇಳಲೆಂದೇ ವಾರ್ಡಿಗೆ ನುಗ್ಗಿದೆ. ಲಕ್ವ ಹೊಡೆದವರ ವಾರ್ಡು ಅದು. ಅರ್ಧ ಮೈ ಹೋದವರು, ಮಾತು ಹೋದವರು. ಗಂಟಲೇ ನುಂಗುವುದನ್ನು ಮರೆತವರೂ ಇರುತ್ತಾರೆ. ಅಂಥವರಿಗೆ ಮೂಗಿನಿಂದ ಹೊಟ್ಟೆಗೆ ನಳಿಕೆ. ಗಂಟಲು ಸ್ವಲ್ಪ ಎಚ್ಚೆತ್ತ ಮೇಲೆ ಡಾಕ್ಟರಮ್ಮ ಪರೀಕ್ಷೆ ಮಾಡಿ, ಇನ್ನು ಬಾಯಿಗೆ ಕೊಡಬಹುದು ಅನ್ನುತ್ತಾಳೆ. ಅಲ್ಲಿಂದ ಮುಂದಿನದು ಚಮಚದಕ್ಕನ ಕೆಲಸ. ಆ ಡಾಕ್ಟರಮ್ಮನೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದು.

ಅವಳು ಕುರ್ಚಿಯಲ್ಲಿರಲಿಲ್ಲ. ಕಿಟಕಿ ಪಕ್ಕದ ಮಂಚದ ಮೇಲಿದ್ದ ಲಾರಿ ಡ್ರೈವರನ ಬಿದ್ದುಹೋದ ಭುಜಕ್ಕೆ ದಿಂಬು ಒತ್ತಿ ನೆಟ್ಟಗೆ ಕೂರಿಸುತ್ತಿದ್ದಳು.

“ಏನಕ್ಕಾ, ನಾವು ಬೀದೀಲಿ ಬಿದ್ದು ತಂದಿದ್ದನ್ನ ಬೀದಿಗೇ ಎಸೀತೀಯಾ?”

“ಮೆಲ್ಲಗೆ ಮಾತಾಡಪ್ಪ, ಇದು ನಿನ್ನ ಗೇಟಲ್ಲ. ಬೆಚ್ಚಿಬಿದ್ರೆ ಇವರಿಗೆ ನೆತ್ತಿಗೆ ಹತ್ತುತ್ತೆ. ಕೂತ್ಕೋ.”

ಕೂತೆ. ಬಟ್ಟಲಲ್ಲಿ ಮಂದವಾದ ಗಂಜಿ. ಡ್ರೈವರನ ಗದ್ದ ಎದೆಯತ್ತ ಬಾಗಿಸಿದಳು. ಅರ್ಧ ಚಮಚ ತೆಗೆದು, ಚೆನ್ನಾಗಿರುವ ಕಡೆಯ ನಾಲಿಗೆಯ ಮೇಲಿಟ್ಟು, ಮೆತ್ತಗೆ ಒತ್ತಿ, ಚಮಚ ಹಿಂದಕ್ಕೆಳೆದುಕೊಂಡಳು. ಎರಡು ಬೆರಳು ಅವನ ಗಂಟಲ ಗಂಟಿನ ಮೇಲೆ. ಕಾದಳು. ಎಷ್ಟು ಹೊತ್ತು ಅಂದರೆ ನಾನು ಕೂತಲ್ಲಿಂದ ಅರ್ಧ ಎದ್ದೆ. ಕೊಡಬಾರದಿತ್ತೇನೋ, ಈಗ ಉಸಿರು ಕಟ್ಟುತ್ತದೇನೋ. ಅಷ್ಟರಲ್ಲಿ ಅವಳ ಗಂಟಲು ಕದಲಿತು. ಬರಿಬಾಯಲ್ಲಿ ಅವಳೇ ನುಂಗಿದಳು. ಅವಳ ಮುಖವನ್ನೇ ನೋಡುತ್ತಿದ್ದ ಅವನೂ ನುಂಗಿದ.

“ಆ ಅನ್ನಿ.”

“ಆ...”

ಗಂಜಿ ಉಸಿರಿನ ದಾರಿಗೆ ಇಳಿದರೆ ಬರುವ ನೀರು ಕುದಿಯುವ ಸದ್ದು ದನಿಯಲ್ಲಿದೆಯೋ ಎಂದು ಕಿವಿಗೊಟ್ಟಳು. ಕೆನ್ನೆಯ ಸಂದಿಯಲ್ಲಿ ಉಳಿದಿದೆಯೋ ಎಂದು ಇಣುಕಿದಳು. ಆಮೇಲೆ ಮತ್ತೆ ಅರ್ಧ ಚಮಚ.

ನೀನು ಊಟ ಮಾಡಿದೆಯಾ ಎಂದು ಕೇಳಿದೆ.

“ಇವರದ್ದಾಗಲಿ. ಹೊಟ್ಟೆ ತುಂಬಿದ್ರೆ ನನ್ನ ಗಂಟಲು ಸೋಮಾರಿ ಆಗುತ್ತೆ, ಇವರ ಜೊತೆ ನುಂಗಲ್ಲ.”

ಇಷ್ಟು ವರ್ಷ ಅವಳು ಹಸಿದುಕೊಂಡೇ ಬೇರೆಯವರಿಗೆ ಉಣ್ಣಿಸಿದ್ದಳು, ಕಾರಣ ಇದು. ನಾನು ಸಾವಿರಾರು ಜನರ ಮುಂದೆ ಹಸಿವಿನ ಬಗ್ಗೆ ಭಾಷಣ ಬಿಗಿದವನು. ಹಸಿವನ್ನು ಹೀಗೆ ಹತ್ಯಾರ ಮಾಡಿಕೊಂಡವರನ್ನು ಕಂಡಿರಲಿಲ್ಲ.

“ಕುರ್ಚಿ ಕಥೆ ಹೇಳು,” ಅಂದೆ, ದನಿ ಇಳಿಸಿ.

“ಕೂತಿದ್ದೆ, ಸೂಪರ್‌ವೈಸರ್ ಕೋಣೆ ಗಾಜಿನ ಆಚೆ. ಹೊಸ ಹುಡುಗಿ ಪಾಪ, ಸಾಲಿನ ಮಂಚ ಅಷ್ಟೂ ಅವಳೊಬ್ಬಳಿಗೇ. ಅವಸರದಲ್ಲಿ ಇವರ ಬಾಯಿಗೆ ತುಂಬು ಚಮಚ ತುರುಕಿದ್ಲು. ತುಟಿ ನೀಲಿ ಆಯ್ತು. ಓಡಿಹೋಗಿ ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಹೊಡೆದೆ. ಉಸಿರು ಬಂತು. ಸಂಜೆ ನಂಗೆ ಮೆಮೊ ಬಂತು, ಮುಟ್ಟಿದ್ದಕ್ಕೆ.” ಬಟ್ಟಲು ಕದಡಿದಳು. “ಷರತ್ತು ನಿಮ್ದೇ ಅಂತೆ. ಜೋರಾಗೇ ಬರೆಸಿದೀರಿ.”

ನಾನು ಗಾಜಿನ ಆಚೆಯ ಖಾಲಿ ಕುರ್ಚಿಯ ಕಡೆ ನೋಡಿದೆ.

“ನಂಗೆ ಕುರ್ಚಿ ಮೇಲೆ ಸಿಟ್ಟಿಲ್ಲ ಕಣಪ್ಪ. ಬಟ್ಟೆಕೋಣೆ ದೊಡ್ಡಮ್ಮಂಗೆ ಕೊಡಿಸು. ಮಂಡಿ ಎರಡೂ ಹೋಗಿವೆ, ಬಾಯಿ ಮಾತ್ರ ಗಟ್ಟಿ. ಆ ಹುದ್ದೆಗೆ ಬೇಕಾದ್ದು ಅದೇ ತಾನೆ?”

ಅಧಿಕಾರಿಯ ಕೋಣೆಯಲ್ಲಿ ಆ ಮಧ್ಯಾಹ್ನ ನಾನು ಕೂಗಾಡಿದ್ದು ಮೆಟ್ಟಿಲ ಕೆಳಗಿನವರಿಗೂ ಕೇಳಿಸಿತಂತೆ. ಹುದ್ದೆ ಉಳಿಯಿತು, ದೊಡ್ಡಮ್ಮನಿಗೇ ಹೋಯಿತು. ಆದರೆ ಆ ಮನುಷ್ಯ ಬರಿಗೈಲಿ ಬಿಡುವವನಲ್ಲ. ಚಮಚದಕ್ಕ ಇನ್ನು ಮುಂದೆ ಯಾವ ಬಡ್ತಿಯನ್ನೂ ಕೇಳುವುದಿಲ್ಲ, ಆಯಾ ಆಗಿಯೇ ನಿವೃತ್ತಳಾಗುತ್ತಾಳೆ ಎಂದು ಬರೆದುಕೊಡಬೇಕು ಅಂದ. ನಾನು ಅವಳಿಗೆ ಬೇಡ ಅಂದೆ, ಕೋರ್ಟಿಗೆ ಹೋಗೋಣ ಅಂದೆ. ಗಂಡ ಹೊರಗೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ.

“ಕೋರ್ಟು ಮುಗಿಯೋ ತನಕ ಇವರು ಕಾಯ್ತಾರಾ?” ಅಂದಳು, ಮಂಚಗಳ ಕಡೆ ನೋಡಿ.

ಗುಮಾಸ್ತ ಕಾಗದ ಹಿಡಿದು ಮಂಚದ ಬಳಿಗೇ ಬಂದ. ಸಂಜೆಯ ಊಟ ನಡೆದಿತ್ತು. “ಬೇಗ ಸಹಿ ಹಾಕಮ್ಮ, ನಂಗೆ ಬಸ್ಸಿದೆ.”

“ತಡಿಯಪ್ಪ.”

ಅವಳ ಬೆರಳು ಡ್ರೈವರನ ಗಂಟಲ ಮೇಲಿತ್ತು. ಗುಮಾಸ್ತ ಪೆನ್ನು ಚಾಚಿಕೊಂಡೇ ನಿಂತ. ನಾನು ಉಸಿರು ಬಿಗಿಹಿಡಿದೆ. ನೋಡಿದರೆ ಗುಮಾಸ್ತನೂ ಬಿಗಿಹಿಡಿದಿದ್ದ. ಗಂಟು ಮೇಲೇರಿತು, ಅಲ್ಲೇ ನಿಂತಿತು, ಇಳಿಯಿತು.

“ಆ ಅನ್ನಿ.”

“ಆ,” ಅಂದ ಡ್ರೈವರ. ದನಿಯಲ್ಲಿ ನೀರಿನ ಸದ್ದಿರಲಿಲ್ಲ, ಸ್ವಚ್ಛವಾಗಿತ್ತು.

ಕೈಯನ್ನು ಸೆರಗಿಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು.