ನಮ್ಮ ಸಂಘದ ಸಂವಿಧಾನ

ಎದುರಿನ ಸೈಟಿನಲ್ಲಿ ಹೊಸ ಅಪಾರ್ಟ್‌ಮೆಂಟ್ ಏಳುತ್ತಿದೆ. ಬೆಳಿಗ್ಗೆ ಗೋಡೆಗೆ ನೀರು ಹೊಡೆದರೆ ಹಸಿ ಸಿಮೆಂಟಿನ ವಾಸನೆ ನನ್ನ ಕಾಫಿ ಲೋಟದವರೆಗೂ ಬರುತ್ತದೆ. ನಿಮಗೆ ಆ ವಾಸನೆ ಹಿಡಿಸುತ್ತದೋ ಏನೋ. ನನಗಂತೂ ಇಲ್ಲಿ ಹೈದರಾಬಾದಿನ ಕುಷಾಯಿಗೂಡದ ನಮ್ಮ ಕನ್ನಡ ಸಂಘ ನೆನಪಾಗಿ ಬಾಯಿ ಕಹಿಯಾಗುತ್ತದೆ.

ಸಂಘವೆಂದರೆ ಒಂದು ಹಾಲ್, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ. ಕಾರ್ಖಾನೆಯ ನೌಕರಿಗೆಂದು ಕರ್ನಾಟಕದ ನಾಲ್ಕೂ ಕಡೆಯಿಂದ ಬಂದ ನಮ್ಮಂಥವರು ಕಟ್ಟಿದ್ದು. ಕಟ್ಟಿದ್ದು ಅಂದೆನೇ? ನಾವು ಚಂದಾ ಕೊಟ್ಟೆವು, ಅಷ್ಟೆ. ಇಟ್ಟಿಗೆ ಹೊತ್ತವರು ಯಾದಗಿರಿ, ಕಲಬುರಗಿ ಕಡೆಯಿಂದ ಕೂಲಿಗೆ ಬಂದವರು. ಹೀಗಾಗಿ ಒಂದು ರೂಢಿ ಬೆಳೆದಿತ್ತು. ಬೀಗದ ಕೈ ಪಕ್ಕದ ಕಿರಾಣಿ ಅಂಗಡಿಯಲ್ಲಿರುತ್ತಿತ್ತು. ಕನ್ನಡದಲ್ಲಿ ಕೇಳಿದವರಿಗೆಲ್ಲ ಅಂಗಡಿಯವನು ಕೊಡುತ್ತಿದ್ದ. ಕೂಲಿಯವರ ಬಸುರಿಯರ ಕುಬಸ, ಕೂಸಿನ ತೊಟ್ಟಿಲು, ಮದುವೆ ಎಲ್ಲ ಅಲ್ಲೇ ಆಗುತ್ತಿದ್ದವು. ಇದನ್ನು ಯಾರೂ ಎಲ್ಲೂ ಬರೆದಿರಲಿಲ್ಲ.

ಮೈಸೂರು ಕಡೆಯ ನಮ್ಮ ಅಧ್ಯಕ್ಷರಿಗೆ ಅದೇ ಹೆಮ್ಮೆ. "ಇಂಗ್ಲೆಂಡಲ್ಲೇ ಎಲ್ಲಾನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟ ಸಂವಿಧಾನ ಇಲ್ಲ ಕಣ್ರೀ. ರೂಢಿ ಮೇಲೆ ದೇಶಾನೇ ನಡೀತಿದೆ, ನಮ್ಮ ಸಂಘ ನಡೆಯಲ್ವಾ?" ಅನ್ನುತ್ತಿದ್ದರು. ಓದಿದ ನಾಲ್ಕು ಪುಸ್ತಕದ ಬಲದಿಂದ ನಾನು ಎದ್ದು ನಿಂತು ನಮ್ಮ ದೇಶದ ಲಿಖಿತ ಸಂವಿಧಾನವನ್ನು ಎತ್ತಿ ಹಿಡಿಯುತ್ತಿದ್ದೆ. ಪ್ರತಿ ಭಾನುವಾರ ಈ ವಾದ ಬೋಂಡಾ ಬರುವವರೆಗೆ ನಡೆಯುತ್ತಿತ್ತು. ಬೋಂಡಾ ಬಂದ ಮೇಲೆ ಎರಡೂ ಪಕ್ಷದ ಬಾಯಿ ಬೇರೆ ಕೆಲಸಕ್ಕೆ ತೊಡಗುತ್ತಿತ್ತು.

ಶರಣಮ್ಮ ನಮ್ಮ ಹಾಲಿಗೆ ಇಟ್ಟಿಗೆ ಹೊತ್ತವಳು. ಅವಳ ಮಗಳ ಮದುವೆಗೆ ಹಾಲ್ ಕೊಡುತ್ತೇನೆಂದು ಅಧ್ಯಕ್ಷರು ಒಪ್ಪಿದ್ದರು. ಆಮೇಲೆ ಅದೇ ದಿನ ತಮ್ಮ ಮೊಮ್ಮಗಳ ಭರತನಾಟ್ಯ ಇಟ್ಟುಕೊಂಡರು. "ಕೂಲಿಯವರ ಮದುವೆಗೆ ಕೊಡೋ ರೂಢಿಯೇ ನಮ್ಮಲ್ಲಿಲ್ಲ" ಅಂದುಬಿಟ್ಟರು. ಎಷ್ಟು ಮದುವೆಯ ಊಟ ಉಂಡಿದ್ದರೋ ಆ ಮನುಷ್ಯ! ನನಗೆ ಮೈಯೆಲ್ಲ ಉರಿಯಿತು.

ಶರಣಮ್ಮ ಬೀಗರ ಕೈಕಾಲು ಹಿಡಿದು ಮದುವೆಯನ್ನು ಮುಂದಿನ ತಿಂಗಳಿಗೆ ಹಾಕಿಸಿದಳು. ಭಾನುವಾರ ನೇರ ಸಭೆಗೇ ಬಂದಳು.

"ಇವತ್ತು ಹೂಂ ಅಂತೀರಿ, ನಾಳೆ ಇಲ್ಲ ಅಂತೀರಿ. ಏನಿದ್ರೂ ಬರದಿಡ್ರಿ ಸಾಹೇಬ್ರ. ನಮಗೂ ತೋರಸಾಕ ಬರ್ತೈತಿ."

ನಾನು ಚಪ್ಪಾಳೆ ತಟ್ಟಿದೆ. ಬರೆಯಲು ಐದು ಜನರ ಸಮಿತಿಯಾಯಿತು, ನಾನೂ ಒಬ್ಬ. ಕಾಯಂ ವಿಳಾಸ ಇರುವ ಕನ್ನಡಿಗರಷ್ಟೇ ಸದಸ್ಯರು, ಸದಸ್ಯರಿಗಷ್ಟೇ ಹಾಲ್ ಎಂದು ಉಳಿದ ನಾಲ್ವರು ಬರೆದರು. ನಾನು ಕೂಗಾಡಿದ್ದೆಲ್ಲ ಗಾಳಿಗೆ ಹೋಯಿತು. ಕಾರ್ಯದರ್ಶಿ ಶರಣಮ್ಮನ ವಿಳಾಸ ಕೇಳಿದರು.

"ಸದ್ಯ ಮೂರನೇ ಮಾಳಿಗ್ಯಾಗ ಅದೀವ್ರಿ. ಮಾಳಿಗಿ ಕೆಲಸ ಮುಗದರ ಬ್ಯಾರೆ ಕಡಿ."

ಸಭೆಯಲ್ಲಿ ಯಾರೋ ನಕ್ಕರು. ಮದುವೆ ಅವರು ಕಟ್ಟುತ್ತಿದ್ದ ಆ ಮೂರನೇ ಮಾಳಿಗೆಯಲ್ಲೇ ಆಯಿತು, ಕಿಟಕಿ ಬಾಗಿಲಿಲ್ಲದ ಹಸಿ ಗೋಡೆಗಳ ನಡುವೆ. ಅಕ್ಷತೆ ಹಾಕಲು ಸಂಘದಿಂದ ಹೋದವನು ನಾನೊಬ್ಬನೇ.

ಆಮೇಲೆ ಪ್ರತಿ ವರ್ಷ ನಾನು ತಿದ್ದುಪಡಿ ಮಂಡಿಸುತ್ತ ಬಂದೆ. ನಿಯಮ ತಿದ್ದಲು ಸದಸ್ಯರಲ್ಲಿ ಮೂರನೇ ಎರಡು ಭಾಗ ಕೈ ಎತ್ತಬೇಕು. ತಿದ್ದುಪಡಿ ಬೇಕಾದವರು ಯಾರೂ ಸದಸ್ಯರಲ್ಲ! ಹೋದ ವರ್ಷ ಎರಡು ಕೈ ಎದ್ದವು. ಒಂದು ನನ್ನದು, ಇನ್ನೊಂದು ಫ್ಯಾನ್ ಜೋರು ಮಾಡಲು ಹೇಳಿದ್ದು.

ಮೊನ್ನೆ ತರಕಾರಿ ಮಾರ್ಕೆಟ್ಟಿನಲ್ಲಿ ಶರಣಮ್ಮ ಸಿಕ್ಕಳು. ಈ ಸಲವೂ ಮಂಡಿಸುತ್ತೇನೆ ಅಂದೆ.

"ಯಾಕ ತ್ರಾಸ ತಗೋತೀರಿ ಸರ. ಮೊಮ್ಮಗಳ ತೊಟ್ಟಿಲಕ್ಕ ಬಾಜೂ ಗಲ್ಲಿ ತೆಲುಗಿನವರು ಅವರ ಹಾಲ್ ಕೊಟ್ರು. ಅಡ್ರೆಸ್ ಗಿಡ್ರೆಸ್ ಏನೂ ಕೇಳಲಿಲ್ರಿ. ಕೂಸು ಈಗ ಮಾತಾಡತೈತಿ, ಭಾಳ ಚಲೋ ತೆಲುಗು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಈ ವರ್ಷದ ವಾರ್ಷಿಕ ಸಭೆಯಲ್ಲಿ ಒಂದು ವಿಚಾರಗೋಷ್ಠಿಯೂ ಇದೆಯಂತೆ: ಹೈದರಾಬಾದಿನಲ್ಲಿ ಕನ್ನಡ ಮಾತಾಡುವವರು ಯಾಕೆ ಕಡಿಮೆಯಾಗುತ್ತಿದ್ದಾರೆ? ಮುಖ್ಯ ಭಾಷಣಕ್ಕೆ ನನ್ನನ್ನೇ ಕರೆದಿದ್ದರು. ಬರುವುದಿಲ್ಲವೆಂದು ಇವತ್ತು ಬೆಳಿಗ್ಗೆ ಹೇಳಿಬಿಟ್ಟೆ.